ಹಾವಿನ ಮೊಟ್ಟೆ ಸಿಕ್ಕರೆ ಏನು ಮಾಡಬೇಕು? ಗುರುತು ಹಿಡಿಯುವುದರಿಂದ ಮರಿ ಬಿಡುವ ತನಕ

ಬೇಸಿಗೆ ಬಂತೆಂದರೆ ನನ್ನ ಫೋನಿಗೆ ಒಂದೇ ಥರದ ಫೋಟೊಗಳು ಬರಲು ಶುರುವಾಗುತ್ತವೆ. ಗೊಬ್ಬರ ಗುಂಡಿ, ಅದರ ಅಂಚಿನಲ್ಲಿ ಹತ್ತು ಹನ್ನೆರಡು ಬಿಳಿ ಮೊಟ್ಟೆ, ಪಕ್ಕದಲ್ಲಿ ಅರ್ಧಕ್ಕೆ ಬಿಟ್ಟ ಗುದ್ದಲಿ. ಕೆಳಗೊಂದು ಪ್ರಶ್ನೆ: "ಇದು ಹಾವಿಂದಾ? ಏನ್ ಮಾಡ್ಲಿ?"

ನಾನು ಮಲೆನಾಡಿನವನು. ಕೆಲವು ವರ್ಷಗಳಿಂದ ಅರಣ್ಯ ಇಲಾಖೆಯವರ ಜೊತೆ ಹಾವಿನ ಕರೆಗಳಿಗೆ ಹೋಗುತ್ತೇನೆ. ಮೊದಲ ವರ್ಷ ಒಂದು ತಪ್ಪು ಮಾಡಿದೆ. ಅಡಿಕೆ ತೋಟದಲ್ಲಿ ಕೇರೆ ಹಾವಿನ 11 ಮೊಟ್ಟೆ ಸಿಕ್ಕಿತ್ತು. ಅವನ್ನು ಬಕೆಟ್ಟಿಗೆ ತುಂಬಿಕೊಂಡು ಬೈಕಿನಲ್ಲಿ ತಂದೆವು. ಮರಳಿನಲ್ಲಿಟ್ಟು ಮೇಲೆ ಬಲ್ಬ್ ಹಾಕಿದೆವು. ಕೋಳಿ ಮೊಟ್ಟೆಯ ಹಾಗೆ ದಿನಕ್ಕೆ ಎರಡು ಸಲ ತಿರುಗಿಸಿದೆವು. ಒಂದೂ ಮರಿಯಾಗಲಿಲ್ಲ. ಒಂದನ್ನು ಒಡೆದು ನೋಡಿದಾಗ ಒಳಗೆ ಬೆರಳುದ್ದ ಬೆಳೆದ ಮರಿ ಸತ್ತಿತ್ತು. ಆ ಮರಿ ಇನ್ನೂ ಕಣ್ಣ ಮುಂದಿದೆ. ಹಾಗಾಗಿ ಈ ಬರಹದಲ್ಲಿ ಒಂದು ಮಾತನ್ನು ಮತ್ತೆ ಮತ್ತೆ ಹೇಳುತ್ತೇನೆ: ಹಾವಿನ ಮೊಟ್ಟೆಯನ್ನು ತಿರುಗಿಸಬಾರದು. ಸಾಧ್ಯವಿದ್ದರೆ ಮುಟ್ಟಲೇಬಾರದು.

ಮೊದಲು ಹಿಂದೆ ಸರಿಯಿರಿ

ಮೊಟ್ಟೆ ಕಂಡ ಕೂಡಲೇ ಎಲ್ಲರೂ ಬಗ್ಗಿ ನೋಡುತ್ತಾರೆ. ಅಲ್ಲೇ ಅಪಾಯ ಇರುವುದು. ನಾಗರಹಾವು, ಕಟ್ಟು ಹಾವು, ಹೆಬ್ಬಾವು ಇವೆಲ್ಲ ಮೊಟ್ಟೆಯ ಹತ್ತಿರವೇ ಇರುವುದುಂಟು. ಹೆಬ್ಬಾವಂತೂ ಮೊಟ್ಟೆಗಳನ್ನು ಸುತ್ತಿಕೊಂಡೇ ಮಲಗುತ್ತದೆ. ತಾಯಿ ಕಾಣುತ್ತಿಲ್ಲ ಎಂದರೆ ತಾಯಿ ಇಲ್ಲ ಎಂದಲ್ಲ. ಅದೇ ಬಿಲದ ಒಂದಡಿ ಒಳಗೆ ಇರಬಹುದು.

ಗುದ್ದಲಿ ಅಲ್ಲೇ ಬಿಡಿ. ನಿಧಾನವಾಗಿ ನಾಲ್ಕೈದು ಹೆಜ್ಜೆ ಹಿಂದೆ ಬನ್ನಿ. ಮಕ್ಕಳನ್ನು, ನಾಯಿಯನ್ನು ಮನೆಯೊಳಗೆ ಕಳಿಸಿ. ದೂರದಿಂದಲೇ ಜೂಮ್ ಮಾಡಿ ಫೋಟೊ ತೆಗೆಯಿರಿ. ಮೊಟ್ಟೆ ಎಷ್ಟು ದೊಡ್ಡದು ಎಂದು ಗೊತ್ತಾಗಲು ಅಲ್ಲೇ ಬಿದ್ದ ಗುದ್ದಲಿಯೂ ಫೋಟೊದಲ್ಲಿ ಬಂದರೆ ಒಳ್ಳೆಯದು. ಬಿಲದೊಳಗೆ ಕೋಲು ಹಾಕಿ ಕೆದಕಬೇಡಿ. ಹೊಗೆ ಹಾಕಬೇಡಿ.

ಇದು ನಿಜವಾಗಿಯೂ ಹಾವಿನ ಮೊಟ್ಟೆಯೇ?

ನನಗೆ ಬರುವ ಫೋಟೊಗಳಲ್ಲಿ ಎಷ್ಟೋ ಹಾವಿನದ್ದೇ ಅಲ್ಲ. ಆದ್ದರಿಂದ ಗಾಬರಿಯಾಗುವ ಮೊದಲು ಇದನ್ನು ನೋಡಿ.

ಹಾವಿನ ಮೊಟ್ಟೆ ಬಿಳಿ ಅಥವಾ ಮಾಸಲು ಬಿಳಿ. ಉದ್ದವಾಗಿರುತ್ತದೆ, ಎರಡೂ ತುದಿ ಹೆಚ್ಚುಕಡಿಮೆ ಒಂದೇ ಥರ ದುಂಡಗಿರುತ್ತವೆ. ಸಿಪ್ಪೆ ಗಟ್ಟಿ ಸುಣ್ಣದ್ದಲ್ಲ, ತೆಳ್ಳಗಿನ ತೊಗಲಿನ ಹಾಗೆ. ಒತ್ತಿದರೆ ಸ್ವಲ್ಪ ಒಳಗೆ ಹೋಗುತ್ತದೆ, ಆದರೆ ನೀವು ಒತ್ತಿ ನೋಡಬೇಡಿ. ಎಲ್ಲಕ್ಕಿಂತ ಒಳ್ಳೆಯ ಗುರುತು ಅಂಟು. ಇಡುವಾಗ ಸಿಪ್ಪೆ ಒದ್ದೆಯಾಗಿರುವುದರಿಂದ ಒಂದಕ್ಕೊಂದು ಅಂಟಿಕೊಂಡು ಒಣಗುತ್ತವೆ. ಮೊಟ್ಟೆಗಳು ಗೊಂಚಲಾಗಿ ಅಂಟಿಕೊಂಡಿದ್ದರೆ ಹಾವಿನದ್ದೇ ಇರುವ ಸಾಧ್ಯತೆ ಜಾಸ್ತಿ.

ಹಕ್ಕಿಯ ಮೊಟ್ಟೆಯ ಸಿಪ್ಪೆ ಗಟ್ಟಿ, ಒಂದು ತುದಿ ಚೂಪು. ಟಿಟ್ಟಿಭದಂತೆ ನೆಲದ ಮೇಲೆ ಇಡುವ ಹಕ್ಕಿಗಳ ಮೊಟ್ಟೆಗೆ ಕಂದು ಚುಕ್ಕೆಗಳಿರುತ್ತವೆ. ಬಾಗಿಲ ಸಂದಿಯಲ್ಲಿ, ಫೋಟೊ ಫ್ರೇಮಿನ ಹಿಂದೆ ಎರಡು ಪುಟ್ಟ ಗಟ್ಟಿ ಬಿಳಿ ಗುಂಡು ಸಿಕ್ಕರೆ ಅದು ಮನೆಯ ಹಲ್ಲಿಯದು. ಹೂವಿನ ಕುಂಡದ ಮಣ್ಣಿನಲ್ಲಿ ಒಂದು ಒಂದೂವರೆ ಸೆಂಟಿಮೀಟರಿನ ಮೆತ್ತನೆಯ ಮೊಟ್ಟೆಗಳು ಬಿಡಿಬಿಡಿಯಾಗಿ ಇದ್ದರೆ ಓತಿಕ್ಯಾತನದು. ಮಳೆ ಬಿದ್ದ ಮೇಲೆ ಅದು ಗುಂಡಿ ತೋಡಿ ಇಡುವುದನ್ನು ಬಹಳ ಜನ ನೋಡಿರುತ್ತೀರಿ. ಹಳದಿ ಛಾಯೆಯ, ಸಾಬಕ್ಕಿಯಂಥ ಗುಂಡು ಮೊಟ್ಟೆಗಳು ರಾಶಿ ಇದ್ದರೆ ಆಫ್ರಿಕನ್ ಬಸವನ ಹುಳುವಿನದು.

ಮೋಸ ಮಾಡುವುದು ಎರಡು. ಒಂದು ಉಡ. ಅದರ ಮೊಟ್ಟೆಯೂ ತೊಗಲಿನಂಥದ್ದು, ಗಾತ್ರವೂ ದೊಡ್ಡ ಹಾವಿನ ಮೊಟ್ಟೆಯಷ್ಟೇ. ಅದನ್ನೂ ಹುತ್ತದಲ್ಲಿ ಇಡುತ್ತದೆ. ಆದರೆ ಸಾಮಾನ್ಯವಾಗಿ ಅಂಟಿಕೊಂಡಿರುವುದಿಲ್ಲ. ಇನ್ನೊಂದು ಮೊಟ್ಟೆಯೇ ಅಲ್ಲ, ಅಣಬೆ. ಕೆಲವು ಜಾತಿಯ ಅಣಬೆ ಅರಳುವ ಮೊದಲು ನೆಲದಲ್ಲಿ ಬಿಳಿ ಮೆತ್ತನೆ ಮೊಟ್ಟೆಯ ಹಾಗೇ ಕಾಣುತ್ತದೆ. ಕೊಳೆತ ಮರದ ಪುಡಿ, ತರಗೆಲೆ ಇರುವಲ್ಲಿ ಮಳೆಗಾಲದಲ್ಲಿ ಏಳುತ್ತದೆ. ಬುಡದಲ್ಲಿ ಬಿಳಿ ದಾರದಂಥ ಬೇರು ಇದ್ದರೆ ಅದು ಅಣಬೆ. ಎರಡು ದಿನ ಬಿಟ್ಟು ನೋಡಿದರೆ ಅರಳಿ ಕೆಟ್ಟ ವಾಸನೆ ಹೊಡೆಯುತ್ತಿರುತ್ತದೆ.

ಯಾವ ಹಾವಿನದು?

ಮೊಟ್ಟೆಯನ್ನಷ್ಟೇ ನೋಡಿ ಹಾವಿನ ಜಾತಿ ಹೇಳಲು ಆಗುವುದಿಲ್ಲ. ಕೇರೆ ಹಾವಿನ ಮೊಟ್ಟೆಯೂ ನಾಗರಹಾವಿನ ಮೊಟ್ಟೆಯೂ ಐದು ಸೆಂಟಿಮೀಟರಿನ ಆಸುಪಾಸು, ಎರಡೂ ಬಿಳಿ. ಕೇರೆ ಹಾವು ನಾಗರಹಾವಿನ ಗಂಡು ಎಂದು ನಮ್ಮ ಊರಲ್ಲಿ ಈಗಲೂ ಹೇಳುವವರಿದ್ದಾರೆ. ಅದು ಸುಳ್ಳು. ಅವು ಎರಡು ಬೇರೆ ಬೇರೆ ಜಾತಿ, ಒಂದಕ್ಕೊಂದು ಕೂಡುವುದಿಲ್ಲ. ಎರಡಕ್ಕೂ ಅವುಗಳದ್ದೇ ಗಂಡು ಹೆಣ್ಣು ಇವೆ.

ಆದರೆ ಯಾವುದು ಅಲ್ಲ ಎಂದು ಹೇಳಬಹುದು. ಕೊಳಕುಮಂಡಲ ಮೊಟ್ಟೆ ಇಡುವುದಿಲ್ಲ, ನೇರ ಮರಿ ಹಾಕುತ್ತದೆ. ನಮ್ಮಲ್ಲಿನ ಗರಗಸ ಮಂಡಲ, ಮಣ್ಣುಮುಕ್ಕ, ಹಸಿರು ಬಳ್ಳಿ ಹಾವು ಕೂಡ ಹಾಗೆಯೇ. ಮೊಟ್ಟೆ ಸಿಕ್ಕಿತೆಂದರೆ ಇವು ನಾಲ್ಕೂ ಪಟ್ಟಿಯಿಂದ ಹೊರಗೆ.

ಉಳಿದದ್ದಕ್ಕೆ ಜಾಗ, ಗಾತ್ರ, ಸಂಖ್ಯೆ ನೋಡಿ. ಮುಷ್ಟಿ ಗಾತ್ರದ, ಕೋಳಿ ಮೊಟ್ಟೆಗಿಂತ ಎಷ್ಟೋ ದೊಡ್ಡ ಮೊಟ್ಟೆಗಳಿದ್ದರೆ ಹೆಬ್ಬಾವು. ನೀರಿನ ಬದಿಯ ಬದು ಅಥವಾ ಏಡಿ ಬಿಲದಲ್ಲಿ ಸಣ್ಣ ಮೊಟ್ಟೆಗಳು ಮೂವತ್ತು ನಲವತ್ತು ಅಂಟಿಕೊಂಡಿದ್ದರೆ ನೀರು ಹಾವು ಇರಬಹುದು. ಹುತ್ತ, ಇಲಿ ಬಿಲ, ಇಟ್ಟಿಗೆ ರಾಶಿ, ಗೊಬ್ಬರ ಗುಂಡಿಯಲ್ಲಿ ಹತ್ತರಿಂದ ಇಪ್ಪತ್ತೈದು ಮೊಟ್ಟೆ ಇದ್ದರೆ ಕೇರೆಯೂ ಆಗಬಹುದು, ನಾಗರವೂ ಆಗಬಹುದು. ಕಟ್ಟು ಹಾವಿನದ್ದು ಸ್ವಲ್ಪ ಚಿಕ್ಕದು, ಸಂಖ್ಯೆಯೂ ಕಡಿಮೆ. ಅಲ್ಲೇ ಪೊರೆ ಸಿಕ್ಕರೆ ಅದೇ ದೊಡ್ಡ ಸಾಕ್ಷಿ. ಅದರ ಫೋಟೊ ತೆಗೆದು ತಿಳಿದವರಿಗೆ ಕಳಿಸಿ. ಪೊರೆಯ ತಲೆಯ ಭಾಗದ ಹುರುಪೆ ನೋಡಿ ಜಾತಿ ಹೇಳಬಹುದು.

ಮಲೆನಾಡಿನವರಿಗೆ ಇನ್ನೊಂದು ಮಾತು. ಕಾಡಿನ ಅಂಚಿನಲ್ಲಿ, ಬಿದಿರು ಮೆಳೆಯ ಹತ್ತಿರ ತರಗೆಲೆಯನ್ನು ಯಾರೋ ಗುಡಿಸಿ ರಾಶಿ ಹಾಕಿದ ಹಾಗೆ ಗುಪ್ಪೆ ಕಂಡರೆ ಹತ್ತಿರ ಹೋಗಲೇಬೇಡಿ. ಅದು ಕಾಳಿಂಗ ಸರ್ಪದ ಗೂಡು ಇರಬಹುದು. ಎಲೆ ಒಟ್ಟುಗೂಡಿಸಿ ಗೂಡು ಕಟ್ಟುವ ಹಾವು ಅದೊಂದೇ. ಹೆಣ್ಣು ತನ್ನ ಮೈಯಿಂದಲೇ ಎಲೆ ಎಳೆದು ಗುಪ್ಪೆ ಮಾಡಿ, ಒಳಗೆ ಮೊಟ್ಟೆ ಇಟ್ಟು ಮೇಲೆ ಕೂತು ಕಾಯುತ್ತದೆ. 2024ರಲ್ಲಿ ಪಶ್ಚಿಮ ಘಟ್ಟದ ಕಾಳಿಂಗವನ್ನು ಬೇರೆಯೇ ಜಾತಿ ಎಂದು ಗುರುತಿಸಿ, ನಮ್ಮ ಕನ್ನಡದ 'ಕಾಳಿಂಗ' ಎಂಬ ಹೆಸರನ್ನೇ ಅದರ ವೈಜ್ಞಾನಿಕ ಹೆಸರಿನಲ್ಲಿ ಇಟ್ಟರು. ನನಗಂತೂ ಅದು ತುಂಬಾ ಖುಷಿಯ ಸುದ್ದಿ. ಆಗುಂಬೆಯಲ್ಲಿ 2005ರಲ್ಲಿ ಹಾವು ತಜ್ಞ ರೋಮುಲಸ್ ವಿಟೇಕರ್ ಶುರು ಮಾಡಿದ ಮಳೆಕಾಡು ಸಂಶೋಧನಾ ಕೇಂದ್ರದವರು ಈ ಗೂಡುಗಳನ್ನು ಇದ್ದಲ್ಲೇ ಕಾದು ಅಧ್ಯಯನ ಮಾಡಿದ್ದಾರೆ. ಮೊಟ್ಟೆಯನ್ನು ಎತ್ತಿಕೊಂಡು ಹೋಗುವುದಿಲ್ಲ, ಗೂಡಿಗೆ ಕಾವಲು ಹಾಕುತ್ತಾರೆ.

ಬಿಟ್ಟುಬಿಡುವುದೇ ಮೊದಲ ಆಯ್ಕೆ

ಕಾನೂನು ಮೊದಲು ಹೇಳಿಬಿಡುತ್ತೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ 'ಬೇಟೆ' ಎಂಬ ಪದಕ್ಕೆ ಕೊಟ್ಟ ಅರ್ಥದಲ್ಲೇ ಹಾವು, ಹಲ್ಲಿಗಳಂಥ ಸರೀಸೃಪಗಳ ಮೊಟ್ಟೆಗೆ ಹಾನಿ ಮಾಡುವುದು, ಮೊಟ್ಟೆಯನ್ನು ಅಥವಾ ಗೂಡನ್ನು ಕದಡುವುದು ಕೂಡ ಸೇರಿದೆ. ಒಳ್ಳೆಯ ಮನಸ್ಸಿನಿಂದ ಮನೆಗೆ ತಂದರೂ ಅದು ತಪ್ಪೇ. ಹೆಬ್ಬಾವಿನಂಥ, ಕಾಯ್ದೆಯಲ್ಲಿ ಅತಿ ಹೆಚ್ಚು ರಕ್ಷಣೆ ಇರುವ ಮೊದಲ ಪಟ್ಟಿಯ (ಶೆಡ್ಯೂಲ್ 1) ಪ್ರಾಣಿಯಾದರೆ ಶಿಕ್ಷೆ 3ರಿಂದ 7 ವರ್ಷದ ತನಕ ಜೈಲು. ಮೊಟ್ಟೆ ಯಾರದ್ದೆಂದು ನಿಮಗೆ ಗೊತ್ತಿಲ್ಲದಿರುವಾಗ ಎಲ್ಲವನ್ನೂ ಹಾಗೆಯೇ ಕಾಣಬೇಕು. ಅದಕ್ಕೇ ಕೆಳಗೆ ಹೇಳುವ ಸಾಗಿಸುವ, ಕಾವು ಕೊಡುವ ಕೆಲಸವೆಲ್ಲ ಅರಣ್ಯ ಇಲಾಖೆಯ ಒಪ್ಪಿಗೆ ಇದ್ದಾಗ, ಅವರು ಹೇಳಿದ ಮೇಲೆ ಮಾತ್ರ. ಅರಣ್ಯ ಸಹಾಯವಾಣಿ 1926ಕ್ಕೆ ಕರೆ ಮಾಡಿ, ಇಲ್ಲವೇ ನಿಮ್ಮ ವಲಯ ಅರಣ್ಯ ಅಧಿಕಾರಿಯ ಕಚೇರಿಗೆ ತಿಳಿಸಿ.

ಕಾನೂನು ಪಕ್ಕಕ್ಕಿಟ್ಟರೂ ಬಿಡುವುದೇ ಸರಿ. ತಾಯಿ ಹಾವು ಸುಮ್ನೆ ಜಾಗ ಹುಡುಕಿರುವುದಿಲ್ಲ. ಗೊಬ್ಬರ ಗುಂಡಿ ಕೊಳೆಯುವಾಗ ತಾನೇ ಬೆಚ್ಚಗಿರುತ್ತದೆ. ಹುತ್ತದ ಒಳಗೆ ಹಗಲು ರಾತ್ರಿ ಹೆಚ್ಚುಕಡಿಮೆ ಒಂದೇ ಹದ, ತೇವವೂ ಆರುವುದಿಲ್ಲ. ನಾವು ಪೆಟ್ಟಿಗೆ, ಥರ್ಮಾಮೀಟರ್ ಇಟ್ಟುಕೊಂಡು ಮಾಡಲು ಒದ್ದಾಡುವುದು ಅದನ್ನೇ. ಕರಾವಳಿಯಲ್ಲಿ ನಾಗಬನವನ್ನು ಕಡಿಯದೆ ಬಿಟ್ಟ ಹಿರಿಯರು ಇಂಥ ಜಾಗಗಳನ್ನೇ ಉಳಿಸಿಕೊಟ್ಟಿದ್ದಾರೆ.

2022ರಲ್ಲಿ ಮಂಗಳೂರಿನ ಪಕ್ಕದ ಕಾಸರಗೋಡಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಅಗಲೀಕರಣ ನಡೆಯುತ್ತಿತ್ತು. ಕೆಲಸದ ಜಾಗದಲ್ಲಿ ಹೆಬ್ಬಾವೊಂದು 24 ಮೊಟ್ಟೆ ಇಟ್ಟಿತ್ತು. ಅಲ್ಲಿ 54 ದಿನ ಕೆಲಸ ನಿಲ್ಲಿಸಿದರು. ಹೆದ್ದಾರಿ ಕೆಲಸವೇ ಕಾಯಬಹುದಾದರೆ ನಮ್ಮ ಗೊಬ್ಬರ ಗುಂಡಿ ಎರಡು ತಿಂಗಳು ಕಾಯಲಾರದೇ?

ಹೌದು, ಎರಡು ತಿಂಗಳು. ನಾಗರ, ಕೇರೆ, ಕಟ್ಟು ಹಾವು, ಹೆಬ್ಬಾವು ಎಲ್ಲದಕ್ಕೂ ಸುಮಾರು 60 ದಿನ. ಕಾಳಿಂಗಕ್ಕೆ ಇನ್ನೂ ಜಾಸ್ತಿ. ನಿಮಗೆ ಸಿಕ್ಕಿದ್ದು ಇಟ್ಟ ಮೊದಲ ದಿನವೇ ಆಗಿರುವುದಿಲ್ಲ, ಹಾಗಾಗಿ ಉಳಿದಿರುವುದು ಅದಕ್ಕಿಂತ ಕಡಿಮೆಯೇ.

ಬಿಡುವುದು ಎಂದರೆ ಹೀಗೆ. ತೆಗೆದ ಗೊಬ್ಬರ ಅಥವಾ ಮಣ್ಣನ್ನು ತಾಯಿ ಇಲ್ಲವೆಂದು ಇಲಾಖೆಯವರು ಅಥವಾ ಹಾವು ತಿಳಿದವರು ನೋಡಿದ ಮೇಲೆ ಮೆಲ್ಲಗೆ ಹಾಗೇ ಮುಚ್ಚಿ. ಸುತ್ತ ನಾಲ್ಕು ಗೂಟ ಹೊಡೆದು ಹಗ್ಗ ಕಟ್ಟಿ. ಕೆಲಸಕ್ಕೆ ಬರುವವರಿಗೆಲ್ಲ ಹೇಳಿ. ಆ ಕಡೆ ರಾತ್ರಿ ಹೋಗುವುದಾದರೆ ಟಾರ್ಚ್ ಮತ್ತು ಬೂಟು ಬೇಕೇ ಬೇಕು. ಅಷ್ಟೇ.

ಮೊಟ್ಟೆ ಮುಟ್ಟಿದರೆ ತಾಯಿ ಹಾವು ಮನೆ ಹುಡುಕಿಕೊಂಡು ಬರುತ್ತದೆ, ಹಾವಿನ ದ್ವೇಷ ಹನ್ನೆರಡು ವರ್ಷ ಎಂದೆಲ್ಲ ಹೆದರಿಸುತ್ತಾರೆ. ಹಾವಿಗೆ ಅಂಥ ನೆನಪೂ ಇಲ್ಲ, ಲೆಕ್ಕವೂ ಇಲ್ಲ. ಅದು ಅಲ್ಲಿಗೆ ಮರಳಿ ಬಂದರೆ ಮೊಟ್ಟೆಯ ಜಾಗಕ್ಕೆ ಬರುತ್ತದೆ, ನಿಮ್ಮನ್ನು ಹುಡುಕಿಕೊಂಡಲ್ಲ.

ಬಿಡಲು ಆಗದಿದ್ದಾಗ: ಎತ್ತುವ ಕೆಲಸ

ಕೆಲವು ಸಲ ಬೇರೆ ದಾರಿ ಇರುವುದಿಲ್ಲ. ಜೆಸಿಬಿ ಹುತ್ತವನ್ನೇ ಕಿತ್ತಿರುತ್ತದೆ. ಮನೆ ಪಾಯದ ಗುಂಡಿಯಲ್ಲಿ ಮೊಟ್ಟೆ ಹೊರಬಿದ್ದಿರುತ್ತದೆ. ಅಂಗನವಾಡಿ ಗೋಡೆಯ ಬುಡದಲ್ಲಿ ನಾಗರಹಾವು ಮೊಟ್ಟೆ ಇಟ್ಟಿರುತ್ತದೆ. ಇಂಥ ಕಡೆ ಇಲಾಖೆಯವರು ತರಬೇತಿ ಇರುವ ಉರಗ ರಕ್ಷಕರನ್ನು ಕರೆಸುತ್ತಾರೆ. ಮೊದಲು ತಾಯಿಯನ್ನು ಸುರಕ್ಷಿತವಾಗಿ ಹಿಡಿಯಬೇಕು. ಆಮೇಲೆ ಮೊಟ್ಟೆ.

ಇಲ್ಲಿ ಅವಸರ ಬೇಡ. ಇಡೀ ಕೆಲಸದಲ್ಲಿ ಮರಿ ಬದುಕುವುದೋ ಸಾಯುವುದೋ ಎನ್ನುವುದು ಹೆಚ್ಚಾಗಿ ಈ ಹತ್ತು ನಿಮಿಷದಲ್ಲಿ ತೀರ್ಮಾನವಾಗುತ್ತದೆ.

ಕಾರಣ ಹೇಳುತ್ತೇನೆ. ಕೋಳಿ ಮೊಟ್ಟೆಯೊಳಗೆ ಹಳದಿ ಲೋಳೆಯನ್ನು ಎರಡೂ ಕಡೆ ಹಗ್ಗದಂಥ ಎಳೆ ಹಿಡಿದಿರುತ್ತದೆ. ಮೊಟ್ಟೆ ತಿರುಗಿದರೂ ಹಳದಿ ತಾನೇ ಸರಿಯಾಗಿ ನಿಲ್ಲುತ್ತದೆ. ಹಾವಿನ ಮೊಟ್ಟೆಯಲ್ಲಿ ಆ ವ್ಯವಸ್ಥೆ ಇಲ್ಲ. ಇಟ್ಟು ಸ್ವಲ್ಪ ಹೊತ್ತಿನಲ್ಲೇ ಪುಟ್ಟ ಭ್ರೂಣ ಸಿಪ್ಪೆಯ ಒಳ ಪೊರೆಗೆ, ಮೇಲ್ಭಾಗದಲ್ಲಿ ಅಂಟಿಕೊಂಡು ಬೆಳೆಯತೊಡಗುತ್ತದೆ. ಉಸಿರಾಟಕ್ಕೆ ಬೇಕಾದ ರಕ್ತನಾಳಗಳೂ ಅಲ್ಲೇ ಹರಡುತ್ತವೆ. ಮೊಟ್ಟೆಯನ್ನು ಬುಡಮೇಲು ಮಾಡಿದರೆ ಲೋಳೆಯ ಭಾರವೆಲ್ಲ ಅದರ ಮೇಲೆ ಬೀಳುತ್ತದೆ, ನಾಳ ಹರಿಯುತ್ತದೆ. ನಾನು ಬಕೆಟ್ಟಿನಲ್ಲಿ ತಂದ 11 ಮೊಟ್ಟೆಗೆ ಆಗಿದ್ದೂ ಅದೇ.

ಆದ್ದರಿಂದ ಎತ್ತುವ ಮೊದಲೇ ಪ್ರತಿ ಮೊಟ್ಟೆಯ ನೆತ್ತಿಯ ಮೇಲೆ ಮೆತ್ತನೆಯ ಪೆನ್ಸಿಲಿನಿಂದ ಒಂದು ಸಣ್ಣ ಗುರುತು ಹಾಕಿ. ಮಾರ್ಕರ್ ಪೆನ್ ಬೇಡ, ಅದರ ಮಸಿ ಸಿಪ್ಪೆಯ ಒಳಗಿಳಿಯಬಹುದು. ನಾನು ಅಂಕಿ ಬರೆಯುತ್ತೇನೆ. 1, 2, 3 ಹೀಗೆ. ಅಂಕಿ ಯಾವಾಗಲೂ ಆಕಾಶ ನೋಡುತ್ತಿರಬೇಕು, ಮೊದಲ ದಿನದಿಂದ ಮರಿ ಬರುವ ತನಕ.

ಅಂಟಿಕೊಂಡ ಗೊಂಚಲನ್ನು ಬಿಡಿಸಬೇಡಿ. ಸಿಪ್ಪೆ ಹರಿದರೆ ಮುಗಿಯಿತು. ಗೊಂಚಲನ್ನು ಹಾಗೇ ಅಡಿಯಿಂದ ಮಣ್ಣಿನ ಸಮೇತ ಎತ್ತಿ. ನಾನು ಅಗಲವಾದ ಗಾರೆ ಕರಣೆ ಬಳಸುತ್ತೇನೆ, ಅಡಿಗೆ ಎರಡು ಬೆರಳು ದಪ್ಪ ಮಣ್ಣು ಬರುವ ಹಾಗೆ ತೂರಿಸಿ ಎತ್ತುತ್ತೇನೆ. ಕೈಗೆ ಗ್ಲೌಸ್ ಇರಲಿ. ಅಗಲ ಡಬ್ಬಿಯಲ್ಲಿ ತೇವದ ಮಣ್ಣು ಹಾಸಿ ಅದರಲ್ಲಿ ಕೂರಿಸಿ. ಉರುಳದ ಹಾಗೆ ಸುತ್ತ ಮಣ್ಣು ಒತ್ತಿ. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕಾರಿನಲ್ಲಿ ನಿಧಾನವಾಗಿ ತನ್ನಿ. ಬೈಕಿನಲ್ಲಿ ಬೇಡ. ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಡಬ್ಬಿ ಬಿಟ್ಟು ಟೀ ಕುಡಿಯಲು ಹೋಗಬೇಡಿ. ಹತ್ತು ನಿಮಿಷದಲ್ಲಿ ಒಳಗೆ ಬೇಯುವಷ್ಟು ಶಾಖ ಏರುತ್ತದೆ.

ಆಗಲೇ ಉರುಳಿ ಬಿದ್ದ ಮೊಟ್ಟೆ ಸಿಕ್ಕರೆ? ಅಡಿಯಲ್ಲಿ ಮಣ್ಣು ಅಂಟಿದ ಕಲೆ ಇರುತ್ತದೆ. ಅದನ್ನು ಕೆಳಗೆ ಮಾಡಿ ಇಡಿ. ಕಲೆ ಗೊತ್ತಾಗದಿದ್ದರೆ ಇದ್ದ ಹಾಗೇ ಇಟ್ಟುಬಿಡಿ. ಮತ್ತೆ ತಿರುಗಿಸಿ ಅಂದಾಜು ಮಾಡುವುದು ಬೇಡ.

ಕಾವು ಪೆಟ್ಟಿಗೆ

ದುಬಾರಿ ಯಂತ್ರ ಏನೂ ಬೇಡ. ಮುಚ್ಚಳ ಗಟ್ಟಿಯಾಗಿ ಕೂರುವ ಒಂದು ಪ್ಲಾಸ್ಟಿಕ್ ಡಬ್ಬಿ. ಅದು ಹಿಡಿಯುವಂಥ ಥರ್ಮೊಕೋಲ್ ಪೆಟ್ಟಿಗೆ, ಮೀನು ಸಾಗಿಸುವವರ ಹತ್ತಿರ ಸಿಗುವಂಥದ್ದು, ಚೆನ್ನಾಗಿ ತೊಳೆದದ್ದು. ತಂತಿ ಇರುವ ಒಂದು ಡಿಜಿಟಲ್ ಥರ್ಮಾಮೀಟರ್. ನರ್ಸರಿಯಲ್ಲಿ ಸಿಗುವ ವರ್ಮಿಕ್ಯುಲೈಟ್ (ತೇವ ಹಿಡಿದಿಡುವ ಹಗುರ ಖನಿಜದ ಚೂರು) ಅಥವಾ ತೆಂಗಿನ ನಾರಿನ ಪುಡಿ, ಅಂದರೆ ಕೊಕೊಪೀಟ್.

ವರ್ಮಿಕ್ಯುಲೈಟ್ ಆದರೆ ತೂಕಕ್ಕೆ ತೂಕ ನೀರು. 100 ಗ್ರಾಂಗೆ 100 ಗ್ರಾಂ ಹತ್ತಿರ. ಕೊಕೊಪೀಟ್ ಆದರೆ ಅದರಲ್ಲಿ ಉಪ್ಪಿನಂಶ ಇರುವುದರಿಂದ ಎರಡು ಮೂರು ನೀರಿನಲ್ಲಿ ತೊಳೆದು ಚೆನ್ನಾಗಿ ಹಿಂಡಿ. ಹದ ನೋಡುವುದು ಕೈಯಲ್ಲೇ: ಮುಷ್ಟಿಯಲ್ಲಿ ಬಿಗಿಯಾಗಿ ಹಿಂಡಿದಾಗ ಉಂಡೆ ಕಟ್ಟಬೇಕು, ಹೆಚ್ಚೆಂದರೆ ಒಂದು ಹನಿ ನೀರು ಬರಬೇಕು. ನೀರು ಧಾರೆಯಾಗಿ ಸುರಿದರೆ ಜಾಸ್ತಿಯಾಯಿತು. ಜಾಸ್ತಿ ನೀರಿನಲ್ಲಿ ಮೊಟ್ಟೆ ಉಸಿರುಗಟ್ಟುತ್ತದೆ, ಕಡಿಮೆಯಾದರೆ ಸುಕ್ಕುಗಟ್ಟುತ್ತದೆ. ಹಾವಿನ ಮೊಟ್ಟೆ ಸುತ್ತಲಿನ ತೇವವನ್ನು ಹೀರಿ ದಿನ ಕಳೆದಂತೆ ಉಬ್ಬುತ್ತದೆ. ಉಬ್ಬುತ್ತಿದ್ದರೆ ಒಳ್ಳೆಯ ಲಕ್ಷಣ.

ಡಬ್ಬಿಯಲ್ಲಿ ನಾಲ್ಕು ಬೆರಳು ಎತ್ತರ ತುಂಬಿ. ಬೆರಳಿನಿಂದ ಗುಳಿ ಮಾಡಿ ಮೊಟ್ಟೆಯ ಅರ್ಧ ಹೂತುಹೋಗುವ ಹಾಗೆ ಕೂರಿಸಿ, ಅರ್ಧ ಹೊರಗೆ. ಪೆನ್ಸಿಲ್ ಅಂಕಿ ಮೇಲೆ. ಮುಚ್ಚಳದ ಹತ್ತಿರ ಸೂಜಿಯಿಂದ ನಾಲ್ಕಾರು ತೂತು ಸಾಕು. ತೂತು ದೊಡ್ಡದಾದರೆ ತೇವ ಆರುತ್ತದೆ, ಮರಿ ಬಂದ ದಿನ ಅದೇ ತೂತಿನಿಂದ ಹೊರಗೂ ಹೋಗುತ್ತದೆ. ಪೆನ್ಸಿಲ್ ತೂರುವ ಸಂದಿ ಸಾಕು ಅದಕ್ಕೆ.

ಬಿಸಿ 27ರಿಂದ 30 ಡಿಗ್ರಿ ಸೆಲ್ಸಿಯಸ್ ಒಳಗೆ ಇರಲಿ. ಥರ್ಮಾಮೀಟರಿನ ತುದಿ ಮೊಟ್ಟೆಯ ಪಕ್ಕದಲ್ಲೇ ಇರಬೇಕು, ಮುಚ್ಚಳದಲ್ಲಿ ಅಲ್ಲ. 25ಕ್ಕೆ ಇಳಿದರೆ ಮರಿ ತಡವಾಗುತ್ತದೆ, ಅಷ್ಟೇ. 33 ದಾಟಿ ನಿಂತರೆ ಬೆನ್ನು ಡೊಂಕಾದ ಮರಿಗಳು, ಸತ್ತ ಮರಿಗಳು. ಹಾಗಾಗಿ ಸ್ವಲ್ಪ ತಂಪಾದರೆ ಚಿಂತೆ ಬೇಡ, ಬಿಸಿಗೆ ಹೆದರಿ. ನಮ್ಮ ಮಲೆನಾಡಿನಲ್ಲಿ ಏಪ್ರಿಲ್, ಮೇನಲ್ಲಿ ಕೋಣೆಯ ಹದವೇ ಸರಿಹೋಗುತ್ತದೆ, ಬಲ್ಬಿನ ಅಗತ್ಯವೇ ಇಲ್ಲ. ರಾಯಚೂರು, ಕಲಬುರಗಿ ಕಡೆ ಕಷ್ಟ ಉಲ್ಟಾ. ಅಲ್ಲಿ ಮನೆಯ ಅತ್ಯಂತ ತಂಪು ಕೋಣೆಯಲ್ಲಿ, ನೆಲದ ಮೇಲೆ ಪೆಟ್ಟಿಗೆ ಇಟ್ಟು ಹೊರಗೆ ಒದ್ದೆ ಗೋಣಿಚೀಲ ಸುತ್ತಿ. ಫ್ರಿಜ್ ಹತ್ತಿರವೂ ತರಬೇಡಿ.

ಆಮೆ, ಮೊಸಳೆಗಳ ಮೊಟ್ಟೆಯಲ್ಲಿ ಕಾವಿನ ಬಿಸಿಯೇ ಮರಿ ಗಂಡೋ ಹೆಣ್ಣೋ ತೀರ್ಮಾನಿಸುತ್ತದೆ. ಹಾವಿನಲ್ಲಿ ಹಾಗಲ್ಲ, ನಮ್ಮ ಹಾಗೆ ಭ್ರೂಣ ಮೂಡುವಾಗಲೇ ತೀರ್ಮಾನವಾಗಿರುತ್ತದೆ. ಹೆಬ್ಬಾವು ಇನ್ನೂ ಅಚ್ಚರಿ. ತಣ್ಣಗಾದಾಗ ಮೈಯ ಸ್ನಾಯುಗಳನ್ನು ನಡುಗಿಸಿ ತಾನೇ ಶಾಖ ಹುಟ್ಟಿಸಿ ಮೊಟ್ಟೆಗೆ ಕೊಡುತ್ತದೆ. ಹಾಗಾಗಿ ಹೆಬ್ಬಾವಿನ ಮೊಟ್ಟೆಗೆ 30ರಿಂದ 32 ಡಿಗ್ರಿ ತನಕ ಬೇಕು, ತಾಯಿಯ ಜೊತೆಗೇ ಬಿಡುವುದಂತೂ ಎಲ್ಲಕ್ಕಿಂತ ಒಳ್ಳೆಯದು.

ಎರಡು ತಿಂಗಳ ಕಾಯುವಿಕೆ

ದಿನಾ ಥರ್ಮಾಮೀಟರ್ ನೋಡಿ ಬರೆದಿಡಿ. ವಾರಕ್ಕೆ ಎರಡು ಸಲ ಮುಚ್ಚಳ ತೆಗೆದು ಗಾಳಿ ಆಡಿಸಿ ಮುಚ್ಚಿ. ಅದಕ್ಕಿಂತ ಜಾಸ್ತಿ ಇಣುಕುವುದು ಬೇಡ. ಮೇಲೆ ಒಣಗಿದೆ ಅನಿಸಿದರೆ ಅಂಚಿನಲ್ಲಿ ಚಮಚದಿಂದ ಬೆಚ್ಚಗಿನ ನೀರು ಬಿಡಿ, ಮೊಟ್ಟೆಯ ಮೇಲೆ ಹನಿ ಬೀಳಬಾರದು.

ಮೊಟ್ಟೆ ಜೀವಂತವಾ ಎಂದು ನೋಡಲು ಎತ್ತುವುದು ಬೇಡ. ಕೋಣೆ ಕತ್ತಲು ಮಾಡಿ ಸಣ್ಣ ಟಾರ್ಚನ್ನು ಪಕ್ಕದಿಂದ ತಾಗಿಸಿ ಹಿಡಿಯಿರಿ. ಒಳಗೆ ಕೆಂಪು ನಾಳಗಳ ಬಲೆ, ಗುಲಾಬಿ ಬೆಳಕು ಕಂಡರೆ ಮರಿ ಬೆಳೆಯುತ್ತಿದೆ. ಪೂರ್ತಿ ಹಳದಿಯಾಗಿ ಹೊಳೆದರೆ ಗೊಡ್ಡು ಮೊಟ್ಟೆ ಇರಬಹುದು. ಆದರೂ ತಕ್ಷಣ ಎಸೆಯಬೇಡಿ. ಹಸಿರು, ಹಳದಿ ಬಣ್ಣಕ್ಕೆ ತಿರುಗಿ, ಕುಸಿದು, ವಾಸನೆ ಬಂದ ಮೇಲೆ ಮಾತ್ರ ತೆಗೆಯಿರಿ. ಅದೂ ಪಕ್ಕದ್ದಕ್ಕೆ ಅಂಟಿದ್ದರೆ ಅಲ್ಲೇ ಬಿಡಿ. ಒಳ್ಳೆಯ ಮೊಟ್ಟೆ ಕೊಳೆತದ್ದರ ಪಕ್ಕದಲ್ಲೂ ಮರಿಯಾಗುವುದನ್ನು ನೋಡಿದ್ದೇನೆ. ಬೂಷ್ಟು ಬಂದರೆ ಒಣ ಹತ್ತಿಯ ಕಡ್ಡಿಯಿಂದ ಮೆಲ್ಲಗೆ ಒರೆಸಿ. ಔಷಧ, ಡೆಟಾಲ್ ಏನೂ ಬೇಡ.

ಮೊಟ್ಟೆಯಲ್ಲಿ ಗುಳಿ ಬಿದ್ದರೆ ಯಾವ ಹೊತ್ತಿನಲ್ಲಿ ಎಂದು ನೋಡಿ. ಮೊದಲ ವಾರಗಳಲ್ಲಿ ಬಿದ್ದರೆ ನೀರು ಸಾಲುತ್ತಿಲ್ಲ. ಕೊನೆಯ ವಾರದಲ್ಲಿ ಬಿದ್ದರೆ ಮರಿ ಬರುವ ಸೂಚನೆ.

ಮರಿ ಹೊರಬರುವ ದಿನ

ಮರಿಯ ಮೂತಿಯ ತುದಿಯಲ್ಲಿ ಪುಟ್ಟ ಚೂಪು ಹಲ್ಲು ಇರುತ್ತದೆ. ಅದರಿಂದ ಸಿಪ್ಪೆಯನ್ನು ಬ್ಲೇಡಿನಲ್ಲಿ ಗೀರಿದ ಹಾಗೆ ಸೀಳುತ್ತದೆ. ಸೀಳಿನಿಂದ ಮೂತಿ ಹೊರಗೆ ಬರುತ್ತದೆ, ನಾಲಗೆ ಚಾಚಿ ನೋಡುತ್ತದೆ, ನೀವು ಅಲುಗಾಡಿದರೆ ಒಳಗೆ ಎಳೆದುಕೊಳ್ಳುತ್ತದೆ. ಹೀಗೆ ಒಂದು ದಿನ, ಎರಡು ದಿನ. ಜನಕ್ಕೆ ಇಲ್ಲೇ ತಾಳ್ಮೆ ಕೆಡುವುದು, ಪಾಪ ಸಿಕ್ಕಿಹಾಕಿಕೊಂಡಿದೆ ಎಂದು ಸಿಪ್ಪೆ ಬಿಡಿಸಲು ಹೋಗುತ್ತಾರೆ. ಅದು ಸಿಕ್ಕಿಕೊಂಡಿಲ್ಲ. ಉಳಿದ ಹಳದಿ ಲೋಳೆಯನ್ನು ಹೊಟ್ಟೆಗೆ ಎಳೆದುಕೊಳ್ಳುತ್ತಿದೆ. ಎಳೆದರೆ ಹೊಕ್ಕುಳ ಹರಿದು ಸಾಯುತ್ತದೆ. ಎಲ್ಲ ಮರಿಗಳೂ ಬರಲು ಮೂರು ನಾಲ್ಕು ದಿನ ಹಿಡಿಯಬಹುದು.

ಈಗ ಜಾತಿ ಸ್ಪಷ್ಟವಾಗುತ್ತದೆ. ನಾಗರದ ಮರಿ ಗೇಣುದ್ದ ಇರುವಾಗಲೇ ಹೆಡೆ ಎತ್ತುತ್ತದೆ. ಕೇರೆ ಮರಿಗೆ ದೊಡ್ಡ ಕಣ್ಣು, ತುಟಿಯ ಮೇಲೆ ಕಪ್ಪು ಗೆರೆ. ನೀರು ಹಾವಿಗೆ ಕಣ್ಣಿನ ಕೆಳಗೆ ಓರೆಯಾದ ಎರಡು ಕಪ್ಪು ಗೀಟು. ಕಟ್ಟು ಹಾವಿನ ಕಪ್ಪು ಮೈಗೆ ಬಿಳಿ ಪಟ್ಟಿ.

ಮರಿ ಎಂದು ಕೈ ಹಾಕಬೇಡಿ. ನಾಗರ, ಕಟ್ಟು ಹಾವಿನ ಮರಿಗೆ ಹುಟ್ಟಿದ ಕ್ಷಣದಿಂದಲೇ ವಿಷವಿದೆ, ಕಚ್ಚಲು ಹಲ್ಲೂ ಇದೆ. ಮೊಟ್ಟೆ ಇಟ್ಟ ದಿನ ಗೊತ್ತಿಲ್ಲದಿರುವುದರಿಂದ ಮೊದಲಿನಿಂದಲೇ ಪೆಟ್ಟಿಗೆಗೆ ಬೀಗ ಹಾಕಿದ ಕೋಣೆ ಇರಲಿ, ಬಾಗಿಲ ಕೆಳಗಿನ ಸಂದಿಗೆ ಬಟ್ಟೆ ತುರುಕಿ. ಮುಚ್ಚಳ ತೆಗೆಯುವುದು ತರಬೇತಿ ಇದ್ದವರು ಮಾತ್ರ, ಉದ್ದ ಚಿಮಟ ಹಿಡಿದು. ಯಾರಿಗಾದರೂ ಕಚ್ಚಿದರೆ ಕಟ್ಟು ಕಟ್ಟಬೇಡಿ, ಕೊಯ್ಯಬೇಡಿ, ಬಾಯಿಂದ ಹೀರಬೇಡಿ, ನಾಟಿ ಔಷಧಕ್ಕೆ ಅಲೆಯಬೇಡಿ. ಉಂಗುರ, ಬಳೆ ಬಿಚ್ಚಿ, ಕೈಕಾಲು ಅಲುಗಾಡದ ಹಾಗೆ ಹಿಡಿದು 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೋಗಿ. ಕರ್ನಾಟಕದಲ್ಲಿ 2024ರಿಂದ ಹಾವು ಕಡಿತವನ್ನು ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕು.

ಬಿಡುವುದು

ಮರಿಗೆ ಹಾಲು ಬೇಡ, ಕಪ್ಪೆ ಹಿಡಿದು ತರುವುದೂ ಬೇಡ. ಹೊಟ್ಟೆಯಲ್ಲಿ ಹಳದಿ ಇರುವುದರಿಂದ ಮೊದಲ ಪೊರೆ ಬಿಡುವ ತನಕ, ಅಂದರೆ ಒಂದು ವಾರ ಹತ್ತು ದಿನ ಅದಕ್ಕೆ ಊಟವೇ ಬೇಕಿಲ್ಲ. ಹೊಕ್ಕುಳ ಮುಚ್ಚಿಕೊಂಡಿದೆಯಾ ಎಂದು ರಕ್ಷಕರು ನೋಡಿದ ಮೇಲೆ ಎರಡು ಮೂರು ದಿನದೊಳಗೆ ಬಿಟ್ಟುಬಿಡಬೇಕು.

ಎಲ್ಲಿ ಬಿಡಬೇಕು ಎಂದು ಇಲಾಖೆಯವರು ಹೇಳುತ್ತಾರೆ. ಮೊಟ್ಟೆ ಸಿಕ್ಕ ಜಾಗಕ್ಕೆ ಆದಷ್ಟು ಹತ್ತಿರ, ಆದರೆ ಮನೆಗಳಿಂದ ದೂರ, ಪೊದೆ, ನೀರು, ಕಪ್ಪೆ ಇರುವ ಕಡೆ. ದೂರದ ದಟ್ಟ ಕಾಡಿಗೆ ಒಯ್ದು ಬಿಡುವುದು ಉಪಕಾರವಲ್ಲ. ಎಲ್ಲವನ್ನೂ ಒಂದೇ ಕಡೆ ಸುರಿಯಬೇಡಿ, ಇಪ್ಪತ್ತು ಮೂವತ್ತು ಹೆಜ್ಜೆಗೆ ಒಂದೆರಡರಂತೆ ಬಿಡಿ. ಸಂಜೆ ಬಿಸಿಲು ಇಳಿದ ಮೇಲೆ ಬಿಟ್ಟರೆ ಹದ್ದು, ಕಾಗೆಗಳ ಕಣ್ಣಿಗೆ ಬೀಳುವುದು ಕಡಿಮೆ. ಬೇಸಿಗೆಯಲ್ಲಿ ಇಟ್ಟ ಮೊಟ್ಟೆ ಒಡೆಯುವ ಹೊತ್ತಿಗೆ ಮಳೆ ಬಂದಿರುತ್ತದೆ, ಗದ್ದೆಯ ತುಂಬ ಪುಟ್ಟ ಕಪ್ಪೆಗಳು. ತಾಯಿ ಲೆಕ್ಕ ಹಾಕಿದ್ದೇ ಹಾಗೆ ಅಲ್ವಾ ಅನಿಸುತ್ತದೆ.

ಕಳೆದ ವರ್ಷ ಮನೆ ಪಾಯದಲ್ಲಿ ಸಿಕ್ಕ 16 ಮೊಟ್ಟೆಗೆ ಪೆನ್ಸಿಲ್ ಅಂಕಿ ಹಾಕಿದ್ದೆವು. 13 ಮರಿ ಬಂದವು, ಕೇರೆ. 4, 9, 15 ಗೊಡ್ಡು. ಸಿಪ್ಪೆಗಳನ್ನು ಎಸೆಯುವ ಮೊದಲು ಮೊಟ್ಟೆ ಸಿಕ್ಕ ದಿನ, ಜಾಗ, ಎಷ್ಟು ಮೊಟ್ಟೆ, ಎಷ್ಟನೇ ದಿನ ಯಾವ ಅಂಕಿಯದು ಒಡೆಯಿತು, ಎಲ್ಲಿ ಬಿಟ್ಟೆವು ಎಲ್ಲ ಒಂದು ಹಾಳೆಯಲ್ಲಿ ಬರೆದು ವಲಯ ಕಚೇರಿಗೆ ಕೊಟ್ಟೆವು. ನೀವೂ ಹಾಗೆ ಬರೆದು ಕೊಡಿ. ನಮ್ಮ ಊರಿನ ಹಾವು ಯಾವ ತಿಂಗಳು ಮೊಟ್ಟೆ ಇಡುತ್ತದೆ ಎಂದು ಆ ಹಾಳೆಗಳಿಂದಲೇ ಗೊತ್ತಾಗುವುದು.